ಎರಡು ವಿಷಲ್ ಊದಿದವನ ಜಪಾನ್ ಯಾತ್ರೆ

ಬೆಂಗಳೂರು, ವಿಮಾನ ನಿಲ್ದಾಣ

ನನ್ನ ಅಡಕತ್ತರಿ ಬೆಂಗಳೂರಿನಲ್ಲೇ ಉಳಿಯಿತು. ಕೈಚೀಲವನ್ನು ತಪಾಸಣೆಯ ಯಂತ್ರದೊಳಗೆ ಬಿಟ್ಟೆ. ಎಲ್ಲರ ಚೀಲಗಳೂ ಆಚೆ ಬಂದವು, ನನ್ನದು ಬರಲಿಲ್ಲ. ಸಮವಸ್ತ್ರದವನೊಬ್ಬ ಅದನ್ನು ಬೇರೆ ಮೇಜಿಗೆ ಒಯ್ದು ಬಿಚ್ಚಿಸಿದ.

"ಯಜಮಾನ್ರೆ, ಏನಿದು?"

"ಅಡಕತ್ತರಿ ಸಾ. ಅಡಕೆ ಕತ್ತರ್ಸೋದು."

"ಇದು ಆಯುಧದ ಲೆಕ್ಕಕ್ಕೆ ಬರ್ತದೆ. ಒಳಗೆ ಬಿಡಕ್ಕಾಗಲ್ಲ."

"ಎಪ್ಪತ್ನಾಕು ವರ್ಷದೋನು ಇದ್ರಲ್ಲಿ ಯಾರ್ನ ಸಾ ಎದುರ್ಸಲಿ?"

ಅವನು ನಕ್ಕ. ನಮ್ಮ ತಾತನ ಹತ್ತಿರವೂ ಇಂಥದ್ದೇ ಇತ್ತು ಎಂದು ಹೇಳಿ ಅದನ್ನು ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿದ. ಅದರೊಳಗೆ ಆಗಲೇ ಎರಡು ಚಾಕು, ಒಂದು ಕತ್ತರಿ, ಯಾರದೋ ತೆಂಗಿನಕಾಯಿ ತುರಿಯುವ ತುರಿಮಣೆಯ ಬಾಯಿ ಬಿದ್ದಿದ್ದವು.

ನನ್ನ ಚೀಲದಲ್ಲಿ ಇನ್ನೊಂದು ವಸ್ತುವಿತ್ತು: ರಟ್ಟಿಗೆ ಸಾಲಾಗಿ ಚುಚ್ಚಿದ ಒಂದು ಹಾಳೆ ಸೇಫ್ಟಿ ಪಿನ್ನು. ಅವನು ಅದನ್ನೂ ತಿರುಗಿಸಿ ನೋಡಿ, ಏನೂ ಹೇಳದೆ ಚೀಲಕ್ಕೆ ವಾಪಸ್ ಹಾಕಿದ. ಪಿನ್ನು ಆಯುಧವಲ್ಲವಂತೆ. ಅಡಕತ್ತರಿಯಿಂದ ನಾನು ಈವರೆಗೆ ಯಾರ ರಕ್ತವನ್ನೂ ನೋಡಿಲ್ಲ. ಪಿನ್ನಿನಿಂದ ನೋಡಿದ್ದೇನೆ.

ನನ್ನ ಊರು ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯ ಒಂದು ಹಳ್ಳಿ. ಎಸ್ಸೆಸ್ಸೆಲ್ಸಿ ಮುಗಿಸಿ ಕೆಲವು ವರ್ಷ ಹೊಲ ನೋಡಿದೆ, ಆಮೇಲೆ ಒಂದು ಖಾಸಗಿ ಬಸ್ಸಿಗೆ ಕಂಡಕ್ಟರ್ ಆಗಿ ಸೇರಿದೆ. ಚನ್ನರಾಯಪಟ್ಟಣದಿಂದ ಹೊಳೆನರಸೀಪುರದ ಮೇಲೆ ಅರಕಲಗೂಡಿಗೆ, ಅಲ್ಲಿಂದ ಮತ್ತೆ ಹಿಂದಕ್ಕೆ. ಮೂವತ್ತು ವರ್ಷ ಅದೇ ದಾರಿ. ಹಾಸನದ ದೊಡ್ಡಾಸ್ಪತ್ರೆ ಬಿಟ್ಟರೆ ಆಚೆಗೆ ಹೆಚ್ಚು ಹೋದವನಲ್ಲ. ಈಗ ಹೊರಟಿದ್ದು ಜಪಾನಿಗೆ, ಮಗಳು ಮಂಜುಳಳ ಮನೆಗೆ. ಅಳಿಯ ನಾಗೇಶ ಅರಕಲಗೂಡಿನ ಕಡೆಯವನು, ಅಲ್ಲೊಂದು ಹೋಟೆಲಿನಲ್ಲಿ ಅಡುಗೆಯವನು. ಮಗಳು ಮುದುಕರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಕೆಲಸ ಮಾಡುತ್ತಾಳೆ. ಅವರಿಗೆ ಸ್ನಾನ ಮಾಡಿಸುವುದು, ಉಣ್ಣಿಸುವುದು, ನಡೆಸುವುದು.

ನನ್ನ ಹೆಂಡತಿ ಲಕ್ಷ್ಮಮ್ಮ ಬರಲಿಲ್ಲ. ಹಸು ಕರು ಹಾಕುವ ದಿನ ಹತ್ತಿರ ಬಂದಿತ್ತು, ಮಂಡಿ ನೋವೂ ಇತ್ತು. ಹೊರಡುವ ದಿನ ಹುರಿಟ್ಟು, ಉಪ್ಪಿನಕಾಯಿ, ರಾಗಿ ಹಿಟ್ಟು ಎಲ್ಲ ಕಟ್ಟಿದ ಮೇಲೆ ಆ ಪಿನ್ನಿನ ಹಾಳೆ ತಂದುಕೊಟ್ಟಳು.

"ಇದ್ನ ಮಂಜಿ ಕೈಗೇ ಕೊಡಿ. ಅಳಿಯನ್ ಕೈಗ್ ಕೊಡ್ಬ್ಯಾಡಿ."

"ಅಲ್ಲಿ ಪಿನ್ನು ಸಿಕ್ಕಕಿಲ್ವಾ?"

"ಸಿಕ್ತವೆ. ನೀವ್ ಕೊಡಿ ಅಂದಿದ್ದು ನಾನು."

ಅಷ್ಟು ಹೇಳಿ ಹಟ್ಟಿ ಕಡೆಗೆ ಹೋದಳು. ಯಾಕೆಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿದೆ ಎಂಬುದು ಮಾತ್ರ ಅಷ್ಟು ಖಚಿತವಿರಲಿಲ್ಲ.

ಮೊದಲ ವಾರ, ರೈಲು

ಜಪಾನಿನಲ್ಲಿ ಮೊದಲು ನನ್ನನ್ನು ದಣಿಸಿದ್ದು ಸದ್ದಿಲ್ಲದಿರುವುದು. ಮಗಳ ಊರು ನಗೊಯಾ ಎಂಬ ಪಟ್ಟಣದಿಂದ ರೈಲಿನಲ್ಲಿ ಮುಕ್ಕಾಲು ಗಂಟೆ. ರೈಲು ತುಂಬಿರುತ್ತದೆ, ಒಬ್ಬರೂ ಮಾತಾಡುವುದಿಲ್ಲ. ಫೋನು ಬಂದರೆ ಕಳ್ಳತನ ಮಾಡಿದವರಂತೆ ಬಾಯಿ ಮುಚ್ಚಿ ಬಾಗಿಲ ಕಡೆ ಸರಿಯುತ್ತಾರೆ. ಮೂವತ್ತು ವರ್ಷ "ಒಳಕ್ಕೆ ಬರ್ರಪ್ಪ, ಮಧ್ಯ ಖಾಲಿ ಅದೆ" ಎಂದು ಕೂಗಿದ ಗಂಟಲು ನನ್ನದು. ಅಲ್ಲಿ ಸುಮ್ಮನೆ ನಿಲ್ಲುವುದೇ ಒಂದು ಕೆಲಸವಾಯಿತು.

ನನ್ನ ಕಣ್ಣು ಹೋಗುತ್ತಿದ್ದದ್ದು ಗಾರ್ಡಿನ ಕಡೆಗೆ. ಬಿಳಿ ಕೈಗವಸು ತೊಟ್ಟ ಆತ ಪ್ರತಿ ನಿಲ್ದಾಣದಲ್ಲೂ ಇಳಿದು, ರೈಲಿನ ಉದ್ದಕ್ಕೂ ನೋಡಿ, ಬೆರಳು ತೋರಿಸಿ, ತನಗೆ ತಾನೇ ಏನೋ ಜೋರಾಗಿ ಹೇಳಿಕೊಳ್ಳುತ್ತಾನೆ. ಆಮೇಲೆ ವಿಷಲ್ ಊದುತ್ತಾನೆ.

"ಅದೇನ್ ಅಂದ್ಕತಾನೆ ಅವ್ನು?" ಎಂದು ಮಂಜುಳಳನ್ನು ಕೇಳಿದೆ.

"ಯಾರೂ ಸಿಕ್ಕಾಕ್ಕೊಂಡಿಲ್ಲ, ಎಲ್ಲಾ ಸರಿ ಅದೆ ಅಂತ. ನೋಡಿ, ಬಾಯಲ್ಲಿ ಹೇಳಿ, ಆಮೇಲೇ ಊದ್ಬೇಕಂತೆ. ಕಣ್ಣು ಸುಳ್ಳು ಹೇಳುದ್ರೂ ಬಾಯಿ ಹೇಳಲ್ಲ ಅಂತ."

ನಾನು ಬೇರೆ ಕಡೆ ನೋಡಿದೆ.

ಇನ್ನೊಂದು ಬೆಳಿಗ್ಗೆ ಒಂದು ಎಡವಟ್ಟಾಯಿತು. ಪ್ಲಾಟ್‌ಫಾರಮ್ಮಿನಲ್ಲಿ ಎಲ್ಲ ಡಬ್ಬಿಗಳ ಮುಂದೆಯೂ ಸಾಲು. ಒಂದರ ಮುಂದೆ ಮಾತ್ರ ಜನ ಕಡಿಮೆ. ಬಾಗಿಲು ತೆರೆದ ಕೂಡಲೆ ನನ್ನ ಹಳೆಯ ಅಭ್ಯಾಸ ಮೇಲೆದ್ದಿತು. ಹೆಗಲ ಮೇಲಿದ್ದ ಟವಲನ್ನು ಎಸೆದು ಎರಡು ಸೀಟು ಹಿಡಿದೆ. ನಮ್ಮ ಕಡೆ ಕಿಟಕಿಯಿಂದ ಟವಲು ಹಾಕಿದರೆ ಸೀಟು ಹಾಕಿದವನದು. ಎಷ್ಟು ಜಗಳಗಳನ್ನು ನಾನೇ ಹಾಗೆ ತೀರ್ಮಾನ ಮಾಡಿದ್ದೇನೆ. ಇಲ್ಲಿ ಆ ಸೀಟಿನ ಪಕ್ಕ ನಿಂತಿದ್ದ ಹೆಂಗಸು ಟವಲನ್ನು ಎತ್ತಿ, ಒದರಿ, ನಾಲ್ಕು ಮಡಿಕೆ ಮಾಡಿ, ಎರಡೂ ಕೈಯಲ್ಲಿ ಹಿಡಿದು ತಲೆ ಬಾಗಿಸಿ ನನಗೆ ಕೊಟ್ಟಳು. ಕಿಟಕಿಗೆ ಅಂಟಿಸಿದ್ದ ಗುಲಾಬಿ ಚೀಟಿಯನ್ನು ತೋರಿಸಿದಳು. ಸುತ್ತ ನೋಡಿದರೆ ಒಬ್ಬ ಗಂಡಸೂ ಇಲ್ಲ.

ಮಂಜುಳ ನನ್ನ ರಟ್ಟೆ ಹಿಡಿದು ಪಕ್ಕದ ಡಬ್ಬಿಗೆ ಎಳೆದುಕೊಂಡು ಹೋದಳು. ನಗು ತಡೆಯಲು ಆಗುತ್ತಿರಲಿಲ್ಲ ಅವಳಿಗೆ.

"ಟವಲ್ ಹಾಕ್ಬುಟ್ಟಲ್ಲಪ್ಪ. ಇನ್ನು 'ಹೊಳೆನರಸೀಪುರ, ಹೊಳೆನರಸೀಪುರ' ಅಂತ ಕೂಗೋದೊಂದ್ ಬಾಕಿ."

"ಹೆಂಗಸ್ರಿಗೆ ಬ್ಯಾರೆ ಡಬ್ಬಿ ಯಾಕವ್ವ? ಇಷ್ಟ್ ಒಳ್ಳೆ ಜನ."

"ಒಳ್ಳೆ ಜನದ್ ಮಧ್ಯಾನೇ ಇರ್ತಾರೆ ಕಣಪ್ಪ ಅಂಥೋರು. ಇಲ್ಲೂ ಅವ್ರೆ. ಇಲ್ದಿದ್ರೆ ಆ ಚೀಟಿ ಯಾಕ್ ಅಂಟಿಸ್ತಿದ್ರು?"

ನಗು ಅಲ್ಲಿಗೆ ನಿಂತಿತು. ಅವಳು ಕಿಟಕಿಯಾಚೆ ನೋಡತೊಡಗಿದಳು, ನಾನು ಟವಲಿನ ಮಡಿಕೆ ನೋಡುತ್ತ ಕೂತೆ.

ಎರಡನೆಯ ವಾರ, ಶಾಲೆಯ ದಾರಿ

ಮೊಮ್ಮಗಳು ಅನುವಿಗೆ ಒಂಬತ್ತು ವರ್ಷ. ಅಲ್ಲಿಯ ಮಕ್ಕಳು ಶಾಲೆಗೆ ನಡೆದೇ ಹೋಗಿ ನಡೆದೇ ಬರುತ್ತಾರೆ, ದೊಡ್ಡವರಿಲ್ಲದೆ. ಹಾಗೆಂದು ಅವರನ್ನು ಸುಮ್ಮನೆ ಬಿಟ್ಟಿರುತ್ತಾರೆ ಎಂದಲ್ಲ. ಚೀಲದ ಪಟ್ಟಿಗೆ ಕೋಳಿಮೊಟ್ಟೆ ಗಾತ್ರದ ಒಂದು ಪೆಟ್ಟಿಗೆ ತೂಗುಹಾಕಿರುತ್ತದೆ. ಅದರ ದಾರ ಎಳೆದರೆ ಕೂಗುತ್ತದೆ. ತಿಂಗಳಿಗೊಮ್ಮೆ ಮಗಳು ದಾರ ಎಳೆದು ಬ್ಯಾಟರಿ ನೋಡುತ್ತಾಳೆ. ಎಡಗೈಗೂ ಬಲಗೈಗೂ ಎಟುಕುವ ಕಡೆ ಕಟ್ಟಬೇಕಂತೆ, ಚೀಲದೊಳಗೆ ಇಟ್ಟರೆ ಇಲ್ಲದ ಹಾಗೇ ಅಂತೆ. ದಾರಿಯ ಕೆಲವು ಮನೆ, ಅಂಗಡಿಗಳ ಬಾಗಿಲಿಗೆ ಒಂದು ಚಿತ್ರ ಅಂಟಿಸಿದ್ದಾರೆ. ಮಕ್ಕಳಿಗೆ ಹೆದರಿಕೆಯಾದರೆ ಆ ಮನೆಗೆ ಕೇಳದೆ ನುಗ್ಗಬಹುದು. ಮೂರು ಗಂಟೆಗೆ ಹಳದಿ ಅಂಗಿ ತೊಟ್ಟ ಮುದುಕರು ತಿರುವಿಗೊಬ್ಬರಂತೆ ಬಾವುಟ ಹಿಡಿದು ನಿಂತಿರುತ್ತಾರೆ. ಅವರಲ್ಲೊಬ್ಬನಿಗೆ ನನ್ನಷ್ಟೇ ವಯಸ್ಸು, ಒಂದು ಕಾಲು ಕುಂಟು. ದಿನಾ ನನಗೆ ತಲೆ ಬಾಗಿಸುತ್ತಿದ್ದ, ನಾನು ಕೈ ಮುಗಿಯುತ್ತಿದ್ದೆ. ನಮ್ಮ ಮಾತುಕತೆ ಅಷ್ಟೇ.

ಒಂದು ಮಧ್ಯಾಹ್ನ ಅನುವನ್ನು ಕರೆತರಲು ಹೋದೆ. ಅಷ್ಟು ಸಣ್ಣ ಬೆನ್ನಿನ ಮೇಲೆ ಅಷ್ಟು ದಪ್ಪ ಚರ್ಮದ ಚೀಲ ನೋಡಿ ಸಹಿಸಲಾಗಲಿಲ್ಲ.

"ಕೊಡಿಲ್ಲಿ. ತಾತ ಇರೋವಾಗ ಮಗ ಹೊರೋದಾ?"

"ಬೇಡ ತಾತ, ನಗ್ತಾರೆ. ಅವರವ್ರದ್ದು ಅವರವ್ರೇ ತಗಬೇಕು."

ನಮ್ಮಲ್ಲಿ ಮೊಮ್ಮಕ್ಕಳ ಚೀಲ ಹೊರದ ತಾತನುಂಟೇ? ಬಲವಂತವಾಗಿ ಕಿತ್ತುಕೊಂಡು ಒಂದು ಹೆಗಲಿಗೆ ಹಾಕಿಕೊಂಡೆ, ಟಿಕೆಟ್ ಬ್ಯಾಗು ಹಾಕಿಕೊಳ್ಳುತ್ತಿದ್ದ ಹಾಗೆಯೇ. ಹೇಗೋ ಕೈಯಲ್ಲಿದ್ದ ಛತ್ರಿಯ ಕೊಕ್ಕೆಗೆ ಆ ಪೆಟ್ಟಿಗೆಯ ದಾರ ಸಿಕ್ಕಿಕೊಂಡಿತು.

ಹತ್ತು ಕುಕ್ಕರು ಒಟ್ಟಿಗೆ ಕೂಗಿದಂತಾಯಿತು. ನಾನು ಚೀಲವನ್ನು ತಟ್ಟಿದೆ, ಒತ್ತಿದೆ, ಏನು ಮಾಡಿದರೂ ನಿಲ್ಲಲಿಲ್ಲ. ಅಷ್ಟರಲ್ಲಿ ಬನ್ನಿನ ಅಂಗಡಿಯ ಹೆಂಗಸು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಸೈಕಲ್ಲಿನಲ್ಲಿ ಹೋಗುತ್ತಿದ್ದವನು ಸೈಕಲ್ಲನ್ನು ಕೆಡವಿ ಬಂದ. ಆ ಕುಂಟುಗಾಲಿನ ಮುದುಕ ಬಾವುಟ ಹಿಡಿದುಕೊಂಡೇ ಓಡಿ ಬಂದ. ಎಲ್ಲರೂ ಬಂದು ನಿಂತದ್ದು ನನಗೂ ಮಗುವಿಗೂ ನಡುವೆ. ದಿನಾ ನನ್ನ ಮುಖ ನೋಡಿದ್ದ ಮುದುಕ ಕೂಡ ಮೊದಲು ನನ್ನನ್ನು ಕೇಳಲಿಲ್ಲ. ಬಗ್ಗಿ ಅವಳನ್ನು ಕೇಳಿದ. ಅವಳು ಏನೋ ಹೇಳಿದಳು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿ ಬಗ್ಗಿ ಬಗ್ಗಿ ಕ್ಷಮೆ ಕೇಳಿದರು. ಅಂಗಡಿಯವಳು ಇಬ್ಬರಿಗೂ ಬನ್ನು ಕೊಟ್ಟಳು.

"ತಾತ, ನಿನ್ನ ಕಳ್ಳ ಅಂದ್ಕೊಂಡ್ರು," ಎಂದು ಅನು ದಾರಿಯುದ್ದಕ್ಕೂ ನಕ್ಕಳು.

ನನ್ನ ಬನ್ನನ್ನೂ ಅವಳಿಗೇ ಕೊಟ್ಟೆ. ಮನೆಗೆ ಬಂದು ಮಲಗಿಬಿಟ್ಟೆ. ಚಳಿ ಹತ್ತಿರಬೇಕು ಎಂದು ನಾಗೇಶ ಶುಂಠಿ ಕಾಫಿ ಮಾಡಿಕೊಟ್ಟ. ಪಿನ್ನಿನ ಹಾಳೆ ಇನ್ನೂ ನನ್ನ ಪೆಟ್ಟಿಗೆಯಲ್ಲೇ ಇತ್ತು.

ನಡುವೆ, ಹೊಳೆನರಸೀಪುರದ ದಾರಿ

ಜಪಾನಿನ ಕಥೆ ಓದಲು ಬಂದವರನ್ನು ಹೊಳೆನರಸೀಪುರದ ದಾರಿಗೆ ಕರೆದೊಯ್ಯುತ್ತಿದ್ದೇನೆ. ಇದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ.

ಬಸ್ಸಿನಲ್ಲಿ ಮಾತಾಡುವುದು ವಿಷಲ್ಲು. ಒಂದು ಊದಿದರೆ ನಿಲ್ಲಿಸು, ಎರಡು ಊದಿದರೆ ಹೊರಡು. ಡ್ರೈವರು ಹಿಂದೆ ತಿರುಗಿ ನೋಡುವುದಿಲ್ಲ. ಕಂಡಕ್ಟರ್ ಊದಿದ್ದೇ ಬಸ್ಸಿನ ಬುದ್ಧಿ.

ಇಪ್ಪತ್ತೇಳು ವರ್ಷದ ಹಿಂದೆ ಮಂಜುಳ ಹೊಳೆನರಸೀಪುರದಲ್ಲಿ ಪಿಯುಸಿ ಓದುತ್ತಿದ್ದಳು. ನಮ್ಮೂರ ಕ್ರಾಸಿನಲ್ಲಿ ನನ್ನ ಬಸ್ಸೇ ಹತ್ತುತ್ತಿದ್ದಳು. ಬಸ್ಸಿನ ಮಾಲೀಕರ ಭಾವಮೈದುನ ಒಬ್ಬ ದಿನಾ ಅದೇ ಬಸ್ಸಿಗೆ ಬರುತ್ತಿದ್ದ. ಐವತ್ತು ದಾಟಿದವನು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಎಡಗಡೆ ಮೂರನೆಯ ಸೀಟು, ಓಡಾಡುವ ಕಡೆಯ ತುದಿ. ಟಿಕೆಟ್ ಇಲ್ಲ.

ಒಂದು ದಿನ ಬಸ್ಸು ತುಂಬಿತ್ತು. ಮಂಜುಳ ಆ ಸೀಟಿನ ಪಕ್ಕ ಕಂಬ ಹಿಡಿದು ನಿಂತಿದ್ದಳು. ಇದ್ದಕ್ಕಿದ್ದಂತೆ ಆ ಮನುಷ್ಯ ಕಿರುಚಿ ಎದ್ದ. ಅಂಗೈಯಿಂದ ರಕ್ತ ಬಿಳಿ ಅಂಗಿಗೆ ತಾಗಿತ್ತು. ಮಗಳ ಬೆರಳ ತುದಿಯಲ್ಲಿ ಬಿಚ್ಚಿದ ಪಿನ್ನು.

"ನೋಡಯ್ಯ, ನಿನ್ ಮಗಳು ಏನ್ ಮಾಡವ್ಳೆ," ಎಂದ.

"ಕೈ ಹಾಕ್ದ ಅಪ್ಪ," ಎಂದಳು ಅವಳು. ಅಳಲಿಲ್ಲ. "ಮೂರ್ ದಿನದಿಂದ್ಲೂ."

ಬಸ್ಸೆಲ್ಲ ನನ್ನ ಮುಖ ನೋಡಿತು. ನಾನು ಅವಳ ಕೈಯಿಂದ ಪಿನ್ನು ಕಿತ್ತುಕೊಂಡು ಟಿಕೆಟ್ ಬ್ಯಾಗಿಗೆ ಹಾಕಿದೆ. "ಹುಡುಗಿ ತಪ್ಪು ತಿಳ್ಕೊಂಡವ್ಳೆ ಸಾ, ರಶ್ಶು. ಮನಸ್ಸಿಗೆ ಹಾಕ್ಕೋಬ್ಯಾಡಿ," ಎಂದೆ. ಅವಳ ಕಡೆ ತಿರುಗಿ, "ತಪ್ಪಾಯ್ತು ಅನ್ನು," ಎಂದೆ.

ಅವಳು ಅನ್ನಲಿಲ್ಲ. "ಬಸ್ ನಿಲ್ಸು. ನಾನ್ ಇಳೀತೀನಿ," ಎಂದಳು.

ನಡುರಸ್ತೆ, ಎರಡೂ ಕಡೆ ಬಯಲು. ಇಲ್ಲಿ ಕಂಡಕ್ಟರನ ಮಗಳು ಇಳಿದರೆ ಸಂಜೆಯೊಳಗೆ ನಾಲ್ಕು ಹಳ್ಳಿಗೆ ಸುದ್ದಿ, ಮಾಲೀಕರ ಕಿವಿಗೂ ಸುದ್ದಿ. ವಿಷಲ್ಲು ಬಾಯಲ್ಲೇ ಇತ್ತು. ನಾನು ಎರಡು ಊದಿದೆ.

ಬಸ್ಸು ವೇಗ ಹಿಡಿಯಿತು. ಇನ್ನೂ ಒಂಬತ್ತು ಕಿಲೋಮೀಟರ್ ದಾರಿಯಿತ್ತು. ಅಷ್ಟು ದೂರವೂ ಅವಳು ಅದೇ ಕಂಬ ಹಿಡಿದು, ಅದೇ ಮನುಷ್ಯನ ಪಕ್ಕದಲ್ಲಿ ನಿಂತಿದ್ದಳು. ಜರುಗಲು ಜಾಗವಿರಲಿಲ್ಲ. ಐವತ್ತಕ್ಕೂ ಹೆಚ್ಚು ಜನ ಇದ್ದರು, ಒಬ್ಬರೂ ಏಳಲಿಲ್ಲ. ತಪ್ಪನ್ನು ಅವರ ಮೇಲೆ ಹಾಕಲಾರೆ. ನಾನು ಎದ್ದೇ ನಿಂತಿದ್ದವನು.

ಮಾರನೆಯ ದಿನದಿಂದ ಅವಳು ಒಂದು ಗಂಟೆ ಮುಂಚಿನ ಬಸ್ಸಿಗೆ ಹೋಗತೊಡಗಿದಳು. ಮನೆಯಲ್ಲಿ ಆ ಮಾತು ಬರಲಿಲ್ಲ. ಊಟಕ್ಕೆ ಕರೆಯುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು, ಮದುವೆಯ ದಿನ ಕಾಲಿಗೆ ಬಿದ್ದಳು. ನನ್ನನ್ನು ಏನನ್ನೂ ಕೇಳುವುದನ್ನು ಮಾತ್ರ ನಿಲ್ಲಿಸಿದ್ದಳು.

ಭಾನುವಾರ, ಓಣಿಯ ಸಭಾಮನೆ

ದಾರದ ಗಲಾಟೆಯಾದ ವಾರವೇ ಆ ಓಣಿಯವರು ತಮ್ಮ ಸಭಾಮನೆಯಲ್ಲಿ ಒಂದು ಪಾಠ ಇಟ್ಟುಕೊಂಡಿದ್ದರು. ವರ್ಷಕ್ಕೊಮ್ಮೆ ನಡೆಯುತ್ತದಂತೆ. ಪೊಲೀಸ್ ಇಲಾಖೆಯ ಒಬ್ಬ ಹೆಂಗಸು ಬಂದಿದ್ದಳು, ನಮ್ಮೂರ ಅಂಗನವಾಡಿ ಟೀಚರಿನ ಹಾಗೆ ನಗುಮುಖ. ಚಾಪೆ ಹಾಸಿದ ಕೋಣೆಯಲ್ಲಿ ಹೆಂಗಸರು, ಮಕ್ಕಳು, ನಾಲ್ಕೈದು ಮುದುಕರು. ಬನ್ನಿನ ಅಂಗಡಿಯವಳೂ ಇದ್ದಳು.

ಮಂಜುಳ ನನಗೆ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದಳು. ಹೊಡೆದಾಟವನ್ನು ಆಕೆ ಹೇಳಿಕೊಡಲೇ ಇಲ್ಲ. ಎರಡೂ ಕಿವಿಗೆ ಹಾಡು ಹಾಕಿಕೊಂಡು ನಡೆಯಬೇಡಿ. ಬಾಗಿಲು ತೆರೆಯುವ ಮುಂಚೆ ಒಮ್ಮೆ ಹಿಂದೆ ನೋಡಿ. ಗುರುತಿಲ್ಲದವರು ದಾರಿ ಕೇಳಿದರೆ ಎರಡು ಮಾರು ದೂರ ನಿಂತು ಹೇಳಿ. ಗುರುತಿನವರು ಎಂಬ ಕಾರಣಕ್ಕೆ ಹತ್ತಿರ ಬಿಟ್ಟುಕೊಳ್ಳಬೇಡಿ. ಈ ಕೊನೆಯ ಮಾತನ್ನು ಮಂಜುಳ ಕನ್ನಡ ಮಾಡಲು ಸ್ವಲ್ಪ ತಡಮಾಡಿದಳು.

ಆಮೇಲೆ ಕೈ ಬಿಡಿಸಿಕೊಳ್ಳುವ ಪಾಠ. ಯಾರಾದರೂ ಮಣಿಕಟ್ಟು ಹಿಡಿದರೆ ಹಿಂದಕ್ಕೆ ಜಗ್ಗಬಾರದು. ಹಿಡಿದವನ ಹೆಬ್ಬೆರಳಿನ ಕಡೆಗೆ ತಿರುಗಿಸಿ ಎಳೆದುಕೊಳ್ಳಬೇಕು, ಎಂಥವನ ಹಿಡಿತವೂ ಅಲ್ಲಿ ಸಡಿಲ. ಎಳೆಯುವಾಗಲೇ ಕೂಗಬೇಕು. ಹಿಡಿಯುವುದಕ್ಕೆ ಒಬ್ಬ ಗಂಡಸು ಬೇಕಿತ್ತು. ಅಲ್ಲಿಯ ಮುದುಕರ ಕೈ ಸಣ್ಣವು. ಆಕೆ ನನ್ನ ಕೈ ನೋಡಿ ಕರೆದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೀಗೆ ನಾನು ಜಪಾನಿನಲ್ಲಿ ಕೆಟ್ಟ ಗಂಡಸಿನ ಪಾತ್ರ ಮಾಡಿದೆ.

ಬನ್ನಿನ ಅಂಗಡಿಯವಳು ನನ್ನ ಕೈಯಿಂದ ಸಲೀಸಾಗಿ ಬಿಡಿಸಿಕೊಂಡಳು. ಅನು ಬಿಡಿಸಿಕೊಂಡು ನನ್ನ ಹೊಟ್ಟೆಗೊಂದು ಗುದ್ದಿದಳು. ಮೂರನೆಯವಳು ಮಂಜುಳ. ನಾನು ಅವಳ ಮಣಿಕಟ್ಟು ಹಿಡಿದೆ. ಅವಳು ಮದುವೆಯಾದ ಮೇಲೆ ಅವಳ ಕೈ ಹಿಡಿದದ್ದು ಅದೇ ಮೊದಲು. ಮುದುಕರನ್ನು ಎತ್ತಿ ಎತ್ತಿ ಗಟ್ಟಿಯಾಗಿತ್ತು.

ಕೂಗು ಬರಲಿಲ್ಲ ಅವಳಿಗೆ. ಎರಡು ಸಲ ಸುಮ್ಮನೆ ಬಿಡಿಸಿಕೊಂಡಳು. ಆ ಪೊಲೀಸ್ ಟೀಚರು ತಲೆಯಾಡಿಸಿ ಏನೋ ಹೇಳಿದಳು.

"ನಿನ್ ಭಾಷೇಲೇ ಕೂಗು, ಏನಾರ ಕೂಗು, ಜೋರಾಗಿ ಕೂಗು ಅಂತವ್ರೆ," ಎಂದಳು ಮಂಜುಳ. ಮೂರನೆಯ ಸಲ ನಾನು ಹಿಡಿದೆ. ಅವಳು ನನ್ನ ಮುಖ ನೋಡಿದಳು.

"ಬಸ್ ನಿಲ್ಸು."

ಕೋಣೆಯ ಗಾಜು ಅದುರಿತು. ನನ್ನ ಬೆರಳು ತಾವಾಗಿಯೇ ಬಿಟ್ಟುಕೊಂಡವು, ಅವಳು ತಿರುಗಿಸಲೂ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಅದಕ್ಕೆ ಅರ್ಥವೇನೆಂದು ಟೀಚರು ಕೇಳಿದಳು, ಮಂಜುಳ ಹೇಳಿದಳು, ಕೋಣೆಯೆಲ್ಲ ನಕ್ಕಿತು. ಯಾವ ಮಾತಾದರೂ ಸರಿ, ಜೋರಾಗಿದ್ದರಾಯಿತು ಎಂದಳಂತೆ ಟೀಚರು.

ಅದೇ ಸಂಜೆ, ಕಾಲುವೆಯ ದಂಡೆ

ಅನು ಗೆಳತಿಯರ ಜೊತೆ ಮುಂದೆ ಹೋದಳು. ಐದು ಗಂಟೆಗೆ ಊರಿನ ಧ್ವನಿವರ್ಧಕದಲ್ಲಿ ಮಕ್ಕಳನ್ನು ಮನೆಗೆ ಕರೆಯುವ ಸಂಗೀತ ಬಂತು. ಕಾಲುವೆಯ ದಂಡೆಯ ಕಲ್ಲುಬೆಂಚಿನ ಮೇಲೆ ಕೂತೆವು. ಮೊದಲು ಮಾತಾಡಿದವಳು ಅವಳೇ.

"ಬೇಕಂತ ಕೂಗ್ಲಿಲ್ಲ ಕಣಪ್ಪ. ಬಾಯಿಗೆ ಅದೇ ಬಂತು."

"ಬರ್ಬೇಕಾದ್ದೇ."

"ಬಿಡು. ನೀನ್ ಅವತ್ತು ಗಾಬರಿ ಬಿದ್ದೋಗಿದ್ದೆ. ಗಾಬರೀಲಿ ಎಲ್ಡು ಊದ್ಬುಟ್ಟೆ ಅಂತ ನಾನ್ ಯಾವತ್ತೋ ಅಂದ್ಕೊಂಡಿವ್ನಿ."

ಅಲ್ಲಿಗೇ ಬಿಟ್ಟಿದ್ದರೆ ನನಗೆ ಕ್ಷಮೆ ಸಿಕ್ಕಂತೆಯೇ ಆಗುತ್ತಿತ್ತು. ಅವಳೇ ನನಗಾಗಿ ಒಂದು ನೆಪ ಹುಡುಕಿ, ಇಷ್ಟು ವರ್ಷ ಜೋಪಾನ ಮಾಡಿಟ್ಟಿದ್ದಳು. ತೆಗೆದುಕೊಂಡು ಊರಿಗೆ ಬರಬಹುದಿತ್ತು. ಆ ಕುಂಟುಗಾಲಿನ ಮುದುಕ ಓಡಿ ಬಂದದ್ದು ಕಣ್ಣ ಮುಂದೆ ಇಲ್ಲದಿದ್ದರೆ ತೆಗೆದುಕೊಂಡೂ ಬಿಡುತ್ತಿದ್ದೆ.

"ಗಾಬರಿ ಅಲ್ಲ ಕಣವ್ವ," ಎಂದೆ. "ನಂಗೆ ಗೊತ್ತಿತ್ತು."

"ಏನ್ ಗೊತ್ತಿತ್ತು?"

"ಆ ಮನ್ಷ ಎಂಥೋನು ಅಂತ. ನಿನ್ಗಿಂತ ಮುಂಚೆ ಮೂರ್ ಜನ ನಂಗೆ ಯೋಳಿದ್ರು. ಒಬ್ಳು ಟೀಚರು, ಒಬ್ಳು ಸೊಪ್ಪಿನೋಳು, ಇನ್ನೊಂದು ನಿನ್ನಂಗೇ ಕಾಲೇಜಿನ ಹೆಣ್ಮಗ. ಮೂರ್ ಜನಕ್ಕೂ ಹಿಂದಕ್ ಬಂದು ನಿಂತ್ಕೊಳ್ರವ್ವ ಅಂದಿದ್ದೆ. ಅಷ್ಟೇ ನಾನ್ ಮಾಡಿದ್ದು. ನೀನ್ ಅಲ್ಲಿ ನಿಂತಿದ್ದು ಮೂರ್ ದಿನಾನೂ ನೋಡಿದ್ದೆ."

ಅಂದು ಬೆಳಿಗ್ಗೆ ಪೆಟ್ಟಿಗೆಯಿಂದ ಜೇಬಿಗೆ ಹಾಕಿಕೊಂಡಿದ್ದ ಪಿನ್ನಿನ ಹಾಳೆ ತೆಗೆದು ಅವಳ ಪಕ್ಕ ಇಟ್ಟೆ. "ನಿಮ್ಮವ್ವ ಕೊಟ್ಟಿದ್ದು."

"ಮೂರ್ ದಿನಾನೂ ನೋಡ್ತಾ ಇದ್ದ್ಯಾ?" ಎಂದಳು. ಅಷ್ಟೇ. ಎದ್ದು ನಡೆದಳು. ಪಿನ್ನಿನ ಹಾಳೆ ತೆಗೆದುಕೊಂಡು ಹೋದಳು.

ಎರಡು ದಿನ ಅವಳು ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ನಾಗೇಶನಿಗೆ ಏನೂ ತಿಳಿಯದೆ ಇಬ್ಬರಿಗೂ ಬೇರೆ ಬೇರೆ ಹೊತ್ತಿಗೆ ಸಾರು ಬಿಸಿ ಮಾಡಿಕೊಟ್ಟ. ನಾನು ಹೊರಡುವ ಹಿಂದಿನ ಬೆಳಿಗ್ಗೆ ಅವಳು ನನ್ನ ಪೆಟ್ಟಿಗೆ ಕಟ್ಟುತ್ತಿದ್ದಳು. ಅಂಗಿ ಮಡಿಸುತ್ತ, ತಲೆ ಎತ್ತದೆ ಕೇಳಿದಳು.

"ಆ ಪಿನ್ನು ಏನ್ ಮಾಡ್ದೆ?"

ಇಪ್ಪತ್ತೇಳು ವರ್ಷದ ನಂತರ ಅವಳು ತಾನಾಗಿಯೇ ನನ್ನನ್ನು ಕೇಳಿದ ಮೊದಲ ಪ್ರಶ್ನೆಗೆ ನನ್ನ ಬಳಿ ಇದ್ದ ಉತ್ತರ ನಾಚಿಕೆಗೇಡಿನದು.

"ಟಿಕೆಟ್ ಬ್ಯಾಗಿನ ಪಟ್ಟಿ ಕಿತ್ತೋಗಿತ್ತು. ಅದ್ಕೆ ಚುಚ್ಕೊಂಡೆ."

"ಎಷ್ಟ್ ದಿನ?"

"ಕೆಲ್ಸ ಬಿಡೋಗಂಟ."

ಅವಳು ಮಡಿಸುವುದನ್ನು ನಿಲ್ಲಿಸಿದಳು. "ನನ್ ಕೈಯಿಂದ ಕಿತ್ಕೊಂಡ್ ಪಿನ್ನಲ್ಲಿ ಬ್ಯಾಗ್ ನೇತಾಕ್ಕೊಂಡು ದಿನಾ ಟಿಕೆಟ್ ಹರ್ದಿದ್ದೀಯ."

"ಊ."

"ಈಗ ಎಲ್ಲದೆ?"

"ಅದ್ರಲ್ಲೇ ಅದೆ. ಗೋಡೆ ಮ್ಯಾಲೆ."

"ಅದು ನಂದು," ಎಂದಳು. "ಕಳ್ಸು. ಕ್ಷಮ್ಸಿವ್ನಿ ಅಂತ ಅಲ್ಲ. ಅದು ನಂದು, ಅದ್ಕೆ."

ಊರು

ಊರಿಗೆ ಬಂದ ಮೇಲೆ ಎಲ್ಲರೂ ಕೇಳಿದರು, ಜಪಾನು ಹೆಂಗದೆ? ರೈಲು ಸರಿಯಾದ ಹೊತ್ತಿಗೆ ಬರುತ್ತದೆ, ರಸ್ತೆಯಲ್ಲಿ ಕಸವಿಲ್ಲ ಎಂದೆ. ಅದೇ ಬೇಕಿತ್ತು ಅವರಿಗೆ.

ಹಸು ಹೆಣ್ಣು ಕರು ಹಾಕಿತ್ತು. ಲಕ್ಷ್ಮಮ್ಮ ಗಿಣ್ಣು ಕಾಸಿ ಕೊಟ್ಟಳು. ನಾನು ತಿಂದು ಕೈ ತೊಳೆಯುವವರೆಗೂ ಕಾದು ಕೇಳಿದಳು.

"ಯೋಳುದ್ರಾ?"

"ಯೋಳ್ದೆ."

"ಗೊತ್ತಿತ್ತು ಅನ್ನೋದ್ನೂ?"

ನಾನು ಅವಳ ಮುಖ ನೋಡಿದೆ. ಅವಳು ಪಾತ್ರೆ ಕಡೆ ನೋಡುತ್ತಿದ್ದಳು.

"ದಾರೀಲಿರೋ ಹೆಂಗಸ್ರಿಗೆಲ್ಲ ಗೊತ್ತಿತ್ತು ಅವ್ನ ವಿಸ್ಯ. ಅದ್ಕೇ ನನ್ ಬಳೇಲಿದ್ ಪಿನ್ನ ಬಿಚ್ಚಿ ಮಂಜಿಗೆ ಕೊಟ್ಟಿದ್ದು. ತುದಿ ಆಚೆ ಬರಂಗೆ ಹೆಂಗ್ ಹಿಡೀಬೇಕು ಅಂತ ಒಲೆ ಮುಂದೆ ಕೂರಿಸ್ಕೊಂಡು ತೋರ್ಸಿದ್ದೆ. ನಿಮ್ಗೊಬ್ರಿಗೆ ಗೊತ್ತಿರಕಿಲ್ಲ ಅಂತ ಅಂದ್ಕೊಂಡಿದ್ದೋಳು ಅವಳೊಬ್ಳೇ."

"ನಂಗ್ಯಾಕ್ ಯೋಳ್ಲಿಲ್ಲ ನೀನು?"

"ಯೋಳಿದ್ರೆ ಹಿಂದಕ್ ಬಂದ್ ನಿಂತ್ಕೊ ಅಂತಿದ್ರಿ."

ನಡುಮನೆಯ ಗೋಡೆಯ ಮೊಳೆಯಿಂದ ಟಿಕೆಟ್ ಬ್ಯಾಗು ಇಳಿಸಿದೆ. ಈಗ ಅದರಲ್ಲಿ ಹೀರೆ, ಪಡವಲದ ಬೀಜದ ಪೊಟ್ಟಣ ಇಟ್ಟಿರುತ್ತೇವೆ. ಪಿನ್ನು ಚರ್ಮಕ್ಕೆ ಹತ್ತಿ ತುಕ್ಕು ಹಿಡಿದಿತ್ತು. ಕೊಬ್ಬರಿ ಎಣ್ಣೆ ಬಿಟ್ಟು, ಸ್ವಲ್ಪ ಸ್ವಲ್ಪವೇ ತಿರುಗಿಸಿದೆ. ಬಿಚ್ಚಿಕೊಳ್ಳುವಾಗ ಬೆರಳಿಗೆ ಚುಚ್ಚಿತು. ಪಟ್ಟಿ ಕಿತ್ತು ಬ್ಯಾಗು ಕೆಳಗೆ ಬಿತ್ತು, ಬೀಜವೆಲ್ಲ ಚೆಲ್ಲಾಡಿದವು. ಲಕ್ಷ್ಮಮ್ಮ ಬೀಜ ಆಯ್ದುಕೊಂಡಳು. ಬ್ಯಾಗನ್ನು ಅಲ್ಲೇ ಬಿಟ್ಟಳು.

ಮಾರನೆಯ ದಿನ ಚನ್ನರಾಯಪಟ್ಟಣದ ಅಂಚೆ ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದ ಹೆಣ್ಣುಮಗಳು ಲಕೋಟೆಯನ್ನು ಅಲ್ಲಾಡಿಸಿ ನೋಡಿದಳು.

"ಒಳಗೆ ಏನದೆ ಯಜಮಾನ್ರೆ?"

"ಪಿನ್ನು."

"ಎಷ್ಟು?"

"ಒಂದು."

"ಜಪಾನಿಗೆ ಒಂದ್ ಪಿನ್ನಾ? ಅಲ್ಲಿ ಸಿಕ್ಕಕಿಲ್ವಾ?" ಪಕ್ಕದ ಕೌಂಟರಿನವನೂ ತಲೆ ಎತ್ತಿ ನಕ್ಕ.

"ಸಿಕ್ತವೆ ಕಣವ್ವ."

ಅವಳು ಒಂದು ಚೀಟಿ ತೆಗೆದಳು, ಹೊರದೇಶಕ್ಕೆ ಹೋಗುವ ಸಾಮಾನಿಗೆ ಅಂಟಿಸುವುದು. "ಉಡುಗೊರೆ ಅಂತ ಗುರ್ತು ಹಾಕ್ಲಾ? ಎಲ್ರೂ ಅದನ್ನೇ ಹಾಕ್ಸದು."

"ಉಡುಗೊರೆ ಅಲ್ಲ. ಇನ್ನೇನೇನ್ ಬರ್ದದೆ ಓದವ್ವ."

ಬೆನ್ನ ಹಿಂದೆ ಸಾಲು ಬೆಳೆಯುತ್ತಿತ್ತು. ಅವಳು ಬೇಸರದಿಂದಲೇ ಓದಿದಳು. "ಉಡುಗೊರೆ. ಕಾಗದ ಪತ್ರ. ವ್ಯಾಪಾರದ ಮಾದರಿ. ವಾಪಸ್ ಕಳಿಸುತ್ತಿರುವ ಸಾಮಾನು."

"ಕೊನೇದು," ಎಂದೆ. "ಅದಕ್ಕೆ ಹಾಕು."